ಹೊಲಕ್ಕೆ ಎಟಿವಿ ತರುವವರು ಇದನ್ನು ಓದಿ: 250 ಅಂತ ಹೇಳಿ 110 ಸಿಸಿ ಕೊಟ್ಟರು

ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಾದರೂ ಹೊಲದ ಕೆಲಸಕ್ಕೂ ಆಯ್ತು, ಸುಮ್ನೆ ಓಡಾಡೋಕೂ ಆಯ್ತು ಅಂತ ಎಟಿವಿ (ದಪ್ಪ ಟೈರಿನ, ನಾಲ್ಕು ಗಾಲಿಯ ಸಣ್ಣ ಗಾಡಿ) ನೋಡುತ್ತಿದ್ದರೆ ಅಡ್ವಾನ್ಸ್ ಹಾಕಬೇಡಿ. ಮೊದಲು ಇದನ್ನು ಓದಿ. ನನ್ನ 1,85,000 ರೂಪಾಯಿ ಹೋಗಿದೆ. ಬಂದದ್ದು ರೆಸಾರ್ಟಿನಲ್ಲಿ ಹುಡುಗರನ್ನು ಕೂರಿಸಿ ಒಂದು ಸುತ್ತು ಹೊಡೆಸುವ ಗಾಡಿ.

ನಮ್ಮ ಹೊಲ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿ ಕಡೆ. ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆ ಬಿದ್ದರೆ ಅದು ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೈಕ್ ಹೋಗುವುದಿಲ್ಲ, ಟ್ರ್ಯಾಕ್ಟರ್ ಇಳಿಸಿದರೆ ದಾರಿಯೇ ಹಾಳು. ನನಗೆ ಬೇಕಾಗಿದ್ದು ಎರಡು ಚೀಲ ಡಿಎಪಿ ಗೊಬ್ಬರ, ಇಲ್ಲವೇ ತೊಗರಿಗೆ ಕಾಯಿಕೊರಕ ಹುಳದ ಎಣ್ಣೆ (ಕೀಟನಾಶಕ) ಹೊಡೆಯುವ 100 ಲೀಟರ್ ಟ್ಯಾಂಕು ಹೊತ್ತು ಬದುವಿನ ಗುಂಟ ಹೋಗುವ ಗಾಡಿ. ಹಬ್ಬಕ್ಕೆ ತಮ್ಮಂದಿರು ಬಂದಾಗ ಅವರೂ ಒಂದು ರೌಂಡು ಹೊಡೆಯಲಿ ಅಂತ ಆಸೆ. ಅಷ್ಟೇ.

ಇದನ್ನೆಲ್ಲ ಹೈದರಾಬಾದಿನ ಡೀಲರ್‌ಗೆ ವಾಟ್ಸಾಪಿನಲ್ಲಿ ಬರೆದೇ ಕೇಳಿದ್ದೆ. ಎರೆ ಹೊಲದ ಫೋಟೋ ಕೂಡ ಹಾಕಿದ್ದೆ. ಅವನ ಉತ್ತರ ಈಗಲೂ ನನ್ನ ಫೋನಿನಲ್ಲಿದೆ: "ಸರ್, ಇದು 250. ಫೋರ್ ವೀಲ್ ಡ್ರೈವ್. ನಿಮ್ಮ ಎರಿ ಹೊಲ ಲೆಕ್ಕಕ್ಕೇ ಇಲ್ಲ. ಎರಡು ಕ್ವಿಂಟಲ್ ಹಾಕ್ಕೊಂಡು ಹೊಡೀರಿ. ಆರ್‌ಟಿಒ ಪಾಸಿಂಗ್ ನಮ್ಮ ಜವಾಬ್ದಾರಿ." ಜೊತೆಗೆ ಒಂದು ವಿಡಿಯೋ. ಹೊಟ್ಟೆ ತನಕ ಕೆಸರಿನಲ್ಲಿ ಹೂತ ಗಾಡಿ, ಮುಂದಿನ ಗಾಲಿ ಗರಗರ ತಿರುಗಿ ಕೆಸರು ಎರಚುತ್ತಾ ಮೇಲೆ ಬರುತ್ತದೆ. ಅದನ್ನು ನೋಡಿ ಯಾರಿಗೆ ಆಸೆ ಆಗಲ್ಲ ಹೇಳಿ?

ಟ್ರಾನ್ಸ್‌ಪೋರ್ಟಿನಲ್ಲಿ ಪೆಟ್ಟಿಗೆ ಬಂತು. ಬಿಚ್ಚಿ ಜೋಡಿಸಿದೆವು. ನೋಡೋಕೆ ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಬ್ಯಾಸಿಗೆಯಲ್ಲಿ ಒಣ ಹೊಲದಲ್ಲಿ ಓಡಿತು. ಓಡಿತು ಅಂದರೆ, ಬಿಸಿಲಲ್ಲಿ ಒಂದು ಚೀಲ ಹಾಕಿ ನಿಧಾನ ಹೋದರೆ ಎಂಜಿನ್ ಕಾದು ಬಂದ್ ಬೀಳುತ್ತಿತ್ತು. ಫೋನ್ ಮಾಡಿದರೆ "ಹೊಸ ಗಾಡಿ ಸರ್, ಸೆಟ್ ಆಗಬೇಕು" ಅಂದ. ಗಾಳಿಗೆ ತಣ್ಣಗಾಗುವ ಎಂಜಿನ್ ಅದು. ಗಾಡಿ ಜೋರು ಹೋದರೆ ತಾನೇ ಗಾಳಿ? 40 ಡಿಗ್ರಿ ಬಿಸಿಲಲ್ಲಿ ಭಾರ ಹೊತ್ತು ನಡಿಗೆಯ ವೇಗದಲ್ಲಿ ಹೋದರೆ ಅದು ಎಲ್ಲಿ ಸೆಟ್ ಆಗುತ್ತದೆ?

ಮೊದಲ ದೊಡ್ಡ ಮಳೆ ಆಯಿತು. ಹೊಲದ ಬಾಯಿಯಲ್ಲೇ ಗಾಡಿ ಹೂತಿತು. ಗ್ಯಾಸ್ ಕೊಟ್ಟರೆ ಹಿಂದಿನ ಎರಡು ಗಾಲಿ ತಿರುಗುತ್ತಿವೆ, ಮುಂದಿನವು ತೆಪ್ಪಗೆ ನಿಂತಿವೆ. ಫೋರ್ ವೀಲ್ ಡ್ರೈವ್ ಅಂದರೆ ನಾಲ್ಕೂ ತಿರುಗಬೇಕಿತ್ತು. ಚೈನಿನೊಳಗೆ ಎರೆ ಮಣ್ಣು ಮೆತ್ತಿ ಕೊನೆಗೆ ಅದೂ ಕಳಚಿತು. ದಾರಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು ನೋಡಿದರು. ಒಬ್ಬ ಹುಡುಗ "ಕಾಕಾ, ಎತ್ತು ಹೂಡ್ರಿ" ಅಂದ. ಕಡೆಗೆ ಎತ್ತೇ ಎಳೆದದ್ದು.

ನಮ್ಮೂರ ಬೈಕ್ ಮಿಸ್ತ್ರಿಯನ್ನು ಕರೆಸಿದೆ. ಅವನು ಸೀಮೆಎಣ್ಣೆ ಅರಿವೆಯಿಂದ ಎಂಜಿನ್ ಕೆಳಗೆ ಒರೆಸಿ, ಮೊಬೈಲ್ ಟಾರ್ಚ್ ಹಿಡಿದು, ಕೆತ್ತಿದ ನಂಬರ್ ಓದಿದ: 152 ಎಫ್‌ಎಂಎಚ್. "ಅಣ್ಣಾರ, ಇದಕ್ಕ 250 ಅಂದವರು ಯಾರು?" ಅಂತ ಕೇಳಿದ. ಈ ಚೀನಾ ಎಂಜಿನ್‌ಗಳಿಗೆಲ್ಲ ಒಂದೇ ಲೆಕ್ಕವಂತೆ. 1 ಅಂದರೆ ಒಂದು ಸಿಲಿಂಡರ್, 52 ಅಂದರೆ ಸಿಲಿಂಡರಿನ ಒಳಗಿನ ಅಗಲ ಮಿಲಿಮೀಟರಿನಲ್ಲಿ, ಕೊನೆಯ ಎಚ್ ಅಂದರೆ 110 ಸಿಸಿ. ಅದೇ ಜಾಗದಲ್ಲಿ ಐ ಇದ್ದರೆ 125, ಜೆ ಇದ್ದರೆ 150. 250 ಸಿಸಿಯದಾದರೆ 167 ಎಫ್‌ಎಂಎಂ ಅಂತಲೋ ಏನೋ ಇರಬೇಕಿತ್ತು. 110 ಸಿಸಿ! ನನ್ನ ಹಳೇ ಬೈಕೇ ಇದಕ್ಕಿಂತ ಜಾಸ್ತಿ. ಆಮೇಲೆ ಸೀಟು ಎತ್ತಿದ. ಡೀಲರ್ ಅಂಗಡಿಯ ಸ್ಟಿಕರ್ ಅಂಚು ಎದ್ದಿತ್ತು. ಉಗುರಿನಿಂದ ಕಿತ್ತರೆ ಕೆಳಗೆ ಇನ್ನೊಂದು ಸ್ಟಿಕರ್: ಹೆಚ್ಚೆಂದರೆ 85 ಕೆಜಿ, ಒಬ್ಬರೇ. ನಾನೇ 82 ಕೆಜಿ ಇದ್ದೇನೆ. ಬೇಕಂತಲೇ ಅದರ ಮೇಲೆ ತಮ್ಮ ಸ್ಟಿಕರ್ ಅಂಟಿಸಿದ್ದಾರೆ. ಬೇಕಂತಲೇ!

ಅಲ್ಲೇ ನಿಂತು ಫೋನ್ ಮಾಡಿದೆ, ಸ್ಪೀಕರ್ ಹಾಕಿ. ಉತ್ತರ ಕೇಳಿ.

"250 ಅನ್ನೋದು ಮಾಡೆಲ್ ಹೆಸರು ಸರ್, ಸಿಸಿ ಅಂತ ನಾವೆಲ್ಲಿ ಅಂದ್ವಿ?"

ಮುಂದಿನ ಗಾಲಿ ಯಾಕೆ ತಿರುಗಲ್ಲ?

"ಅದು ಟಾಪ್ ಮಾಡೆಲ್‌ದಾಗ ಬರ್ತದ."

ಮತ್ತೆ ವಿಡಿಯೋ?

"ಅದು ರೆಫರೆನ್ಸ್ ವಿಡಿಯೋ ಸರ್."

ಎರಡು ಕ್ವಿಂಟಲ್?

"ಎಳೀತದ ಅಂದಿದ್ದೆ, ಹೊರತದ ಅಂದಿಲ್ಲ."

"ಹಾಕ್ಕೊಂಡು ಹೊಡೀರಿ" ಅಂತ ಅವನೇ ಬರೆದ ಮೆಸೇಜ್ ಓದಿ ಹೇಳಿದೆ. ಆಗ ಅಂದ ಮಾತು ಮಾತ್ರ ನಾನು ಮರೆಯಲ್ಲ: "ನಿಮ್ಮ ಮಣ್ಣೇ ಸರಿ ಇಲ್ಲ ಸರ್." ನಮ್ಮ ಮಣ್ಣು ಸರಿ ಇಲ್ಲವಂತೆ! ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಊರಿನ ಹೆಸರಿನ ಸರಕಾರಿ ಗುರುತು) ಬಂದದ್ದು ಈ ಮಣ್ಣಿನಿಂದ ಕಣಯ್ಯಾ.

ಪಾಸಿಂಗ್, ಅಂದರೆ ನೋಂದಣಿಯ ಕಥೆ ಇನ್ನೂ ಕೇಳಿ. ಹೊಲಕ್ಕೆ ಹೋಗಲು ನಾವು ಡಾಂಬರು ರಸ್ತೆ ದಾಟಲೇಬೇಕು. ಬಿಲ್ ಹಿಡಿದು ಆರ್‌ಟಿಒ ಕಚೇರಿಗೆ ಹೋದರೆ ಅವರು ಕೇಳಿದ್ದು ಫಾರ್ಮ್ 21, ಫಾರ್ಮ್ 22. ಮೊದಲನೆಯದು ಮಾರಿದವರು ಕೊಡುವ ಪತ್ರ. ಎರಡನೆಯದು ಗಾಡಿ ರಸ್ತೆಗೆ ಯೋಗ್ಯ ಅಂತ ತಯಾರಿಸಿದ ಕಂಪನಿ ಕೊಡುವ ಪತ್ರ. ನನ್ನ ಹತ್ತಿರ ಎರಡೂ ಇಲ್ಲ. ಕ್ಲರ್ಕ್ ಬಿಲ್ ತಿರುಗಿಸಿ ಜೋರಾಗಿ ಓದಿದರು: "ಅಮ್ಯೂಸ್‌ಮೆಂಟ್ ರೈಡ್, 1 ನಗ." ಹಿಂದೆ ನಿಂತವರು ನಕ್ಕರು. ಜಾತ್ರೆಯ ತೊಟ್ಟಿಲು ಕೊಂಡವನ ಹಾಗೆ ನಿಂತಿದ್ದೆ. ನೋಂದಣಿ ಇಲ್ಲ ಅಂದರೆ ವಿಮೆಯೂ ಇಲ್ಲ. ರಸ್ತೆಯಲ್ಲಿ ಯಾರಿಗಾದರೂ ತಾಗಿದರೆ ಹೊಲ ಮಾರಬೇಕಾಗುತ್ತದೆ.

ಡೀಲರ್ ಏನಂದ? "ಜಿಎಸ್‌ಟಿ ಸಲುವಾಗಿ ಹಂಗ ಬರ್ದೀವಿ ಸರ್. ಹಳ್ಳಿಯಾಗ ಯಾರ್ ಕೇಳ್ತಾರ?"

ನಮ್ಮಲ್ಲಿ ಎಟಿವಿ ಅಂತ ಮಾರುವ ಬಹಳಷ್ಟು ಗಾಡಿಗಳು ರಸ್ತೆಗೆ ನಡೆಯುವುದೇ ಇಲ್ಲ. ಸ್ವಂತ ಜಾಗದಲ್ಲಿ ಮಾತ್ರ ಓಡಿಸಬೇಕು. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಥರದ್ದನ್ನು ಕೃಷಿ ಟ್ರ್ಯಾಕ್ಟರ್ ಅಂತ ಪ್ರಮಾಣಪತ್ರ ಮಾಡಿಸಿ ತಂದದ್ದುಂಟು. ಅದು 567 ಸಿಸಿ, ನೀರಿನಿಂದ ತಣ್ಣಗಾಗುವ ಎಂಜಿನ್, ಬೆಲೆ ನಾನು ಕೊಟ್ಟದ್ದರ ಹಲವು ಪಟ್ಟು. ಅಂಥ ಗಾಡಿಯ ಹಿಂದಿನ ಕ್ಯಾರಿಯರ್ ಕೂಡ ಹೊರುವುದು ಸುಮಾರು 80 ಕೆಜಿ. ಎರಡು ಚೀಲ ಡಿಎಪಿಗೆ ಸಣ್ಣ ಟ್ರೇಲರ್ ಬೇಕೇ ಬೇಕು. ಅಗಲ ನಾಲ್ಕು ಅಡಿ, ಹಾಗಾಗಿ ಬೆಳೆದು ನಿಂತ ತೊಗರಿ ಸಾಲಿನ ನಡುವೆ ನುಗ್ಗಿಸೋಕೆ ಆಗಲ್ಲ. ಇದನ್ನು ಯಾವ ಡೀಲರೂ ತಾನಾಗಿ ಹೇಳಲ್ಲ.

ಕೊಳ್ಳುವುದೇ ಆದರೆ ಅಂಗಡಿಗೆ ಹೋಗಿ, ನೆಲಕ್ಕೆ ಕೂತು ಮುಂದಿನ ಗಾಲಿಯ ಹಿಂದೆ ಇಣುಕಿ. ನಡುವಿನಿಂದ ಗಾಲಿಗೆ ಶಾಫ್ಟ್ (ಗಾಲಿ ತಿರುಗಿಸುವ ದಂಡ) ಬಂದಿರಬೇಕು. ಇಲ್ಲದಿದ್ದರೆ ಎದ್ದು ಬನ್ನಿ, ಚಹಾ ಕೊಟ್ಟರೂ ಕುಡಿಯಬೇಡಿ. ಎಂಜಿನ್ ನಂಬರ್ ಓದಿ. ಫಾರ್ಮ್ 22 ಕೈಗೆ ಕೊಡೋ ತನಕ ದುಡ್ಡು ಹಾಕಬೇಡಿ. ಸೀಟಿನ ಕೆಳಗಿನ ಸ್ಟಿಕರ್ ಕಿತ್ತು ನೋಡಿ, ಬೈದರೆ ಬೈಯಲಿ.

ಈಗ ಅವನು 60,000ಕ್ಕೆ ವಾಪಸ್ ತಗೊಳ್ತೀನಿ ಅನ್ನುತ್ತಾನೆ, ಸಾಗಾಟದ ಖರ್ಚು ನನ್ನದಂತೆ. ಆಗಲ್ಲ ಅಂದದ್ದಕ್ಕೆ "ಕೇಸ್ ಹಾಕ್ರಿ, ಹೈದರಾಬಾದಿಗೆ ಬರ್ರಿ" ಅಂದ. ಯಾಕೆ ಬರಬೇಕು? 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದಾಖಲಿಸಿದ್ದೇನೆ. ಮೆಸೇಜ್, ವಿಡಿಯೋ, ಬಿಲ್, ಕಿತ್ತ ಸ್ಟಿಕರಿನ ಫೋಟೋ ಎಲ್ಲ ಇಟ್ಟುಕೊಂಡು ಕಲಬುರಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಬರೆಸುತ್ತಿದ್ದೇನೆ. ಇದೇ ಥರ "250" ಕೊಂಡು ಕೂತವರು ನಮ್ಮ ಕಡೆ ಇನ್ನೂ ಇದ್ದರೆ ಕಮೆಂಟಿನಲ್ಲಿ ಹೇಳಿ, ಒಟ್ಟಿಗೇ ಹಾಕೋಣ.