ಕ್ಯಾನ್ಸರ್ ಟ್ರೀಟ್ಮೆಂಟ್‌ಗೆ ಸರ್ಕಾರಿ ಕಾರ್ಡಾ, ಪ್ರೈವೇಟ್ ಪಾಲಿಸಿನಾ?

ಕ್ಯಾನ್ಸರ್ ಅಂತ ಗೊತ್ತಾದ್ಮೇಲೆ ಪಾಲಿಸಿ ಹುಡುಕಿದ್ರೆ ಯಾವ ಕಂಪನಿನೂ ಸುಲಭಕ್ಕೆ ಕೊಡಲ್ಲ, ಕೊಟ್ರೂ ಮೊದಲಿಂದ ಇರೋ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆ ತಲೆನೋವಿಲ್ಲ, ಬಿಪಿಎಲ್ ಆದ್ರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಫ್ರೀ, ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಲಿ ಕೀಮೋ, ರೇಡಿಯೇಷನ್, ಆಪರೇಷನ್ ಎಲ್ಲಾ ಒಂದೇ ಕಡೆ ಆಗುತ್ತೆ. ಕ್ಯೂ ಮಾತ್ರ ಕೇಳ್ಬೇಡಿ, ಬೀದರ್, ರಾಯಚೂರಿಂದ ಬಂದೋರೂ ಅಲ್ಲೇ ನಿಂತಿರ್ತಾರೆ. ಪಾಲಿಸಿ ಇದ್ದೋರಿಗೆ ಡೇಟ್ ಬೇಗ ಸಿಗುತ್ತೆ, ಆದ್ರೆ ರೂಮ್ ಬಾಡಿಗೆಗೆ ಲಿಮಿಟ್ ಇದ್ರೆ ಕಂಪನಿ ಕೊಡೋ ದುಡ್ಡಲ್ಲಿ ಎಷ್ಟು ಕಟ್ ಆಯ್ತು ಅಂತ ಗೊತ್ತಾಗೋದು ಡಿಸ್ಚಾರ್ಜ್ ದಿನಾನೇ.

ನಿಜವಾಗಿ ಸಿಕ್ಕಾಕೊಳ್ಳೋದು ಮಧ್ಯದೋರು. ಎಪಿಎಲ್ ಆದ್ರೆ ಪ್ಯಾಕೇಜ್ ರೇಟಿನ (ಆ ಟ್ರೀಟ್ಮೆಂಟ್‌ಗೆ ಸರ್ಕಾರ ಫಿಕ್ಸ್ ಮಾಡಿರೋ ರೇಟು) 30% ಮಾತ್ರ ಸರ್ಕಾರ ಕೊಡೋದು, ಅದೂ ವರ್ಷಕ್ಕೆ 1.5 ಲಕ್ಷ ಮೀರೋ ಹಾಗಿಲ್ಲ. ತಿಂಗಳಿಗೆ 25 ಸಾವಿರ ದುಡಿಯೋನು ಉಳಿದ 70% ಎಲ್ಲಿಂದ ತರ್ತಾನೆ, ಸೈಟ್ ಮಾರ್ತಾನಾ? ನನ್ ಕೇಳಿದ್ರೆ ಈ ಕಾಯಿಲೆಗೆ ಕಾರ್ಡ್ ನೋಡ್ದೇನೇ ಎಲ್ರಿಗೂ ಫ್ರೀ ಮಾಡ್ಬೇಕು. ಅಲ್ಲಿವರೆಗೂ ಎಪಿಎಲ್‌ನೋರು ಆರೋಗ್ಯವಾಗಿರುವಾಗ್ಲೇ ಪಾಲಿಸಿ ಮಾಡಿಸಿ, ಬಿಪಿಎಲ್‌ನೋರು ಸರ್ಕಾರಿ ಆಸ್ಪತ್ರೆ ರೆಫರಲ್ ಕೈಯಲ್ಲಿ ಇಟ್ಕೊಂಡೇ ಪ್ರೈವೇಟ್ ಮೆಟ್ಟಿಲು ಹತ್ತಿ.