ಎರಡು ದಿನದ ಟೀಮ್ ರೆಸಿಲಿಯನ್ಸ್ ವರ್ಕ್‌ಶಾಪ್: ಬಲೂನ್ ವೇಸ್ಟು, ಚೀಟಿ ಬಂಗಾರ (5ಕ್ಕೆ 2.5)

ಹೋದ ತಿಂಗಳು ನಮ್ ಟೀಮಿನ 14 ಜನಾನ ಕನಕಪುರ ರೋಡ್ ಕಡೆ ಒಂದು ರೆಸಾರ್ಟಿಗೆ ಕರ್ಕೊಂಡ್ ಹೋಗಿ ರೆಸಿಲಿಯನ್ಸ್ (ಒತ್ತಡ ತಡ್ಕೊಳ್ಳೋ ಶಕ್ತಿ) ಅಂಡ್ ಪ್ರೊಡಕ್ಟಿವಿಟಿ ವರ್ಕ್‌ಶಾಪ್ ಮಾಡ್ಸಿದ್ರು, ತಲೆಗೆ 7,500 ರೂಪಾಯಿ, ಅದ್ರ ಮೇಲೆ 18% ಜಿಎಸ್‌ಟಿ ಬೇರೆ. ನಡೆಸಿದವರ ಹೆಸರು ಹಾಕಲ್ಲ. ಇಂಥ ಪ್ಯಾಕೇಜು ಬೆಂಗಳೂರಲ್ಲಿ ಬೀದಿಗೊಂದು ಸಿಗುತ್ತೆ, ನಿಮ್ ಆಫೀಸಲ್ಲೂ ಬುಕ್ ಮಾಡೋಕೆ ಹೊರಟಿದ್ರೆ ಏನ್ ನೋಡ್ಕೋಬೇಕು ಅಂತ ಗೊತ್ತಾಗ್ಲಿ ಅಂತಷ್ಟೇ ಬರೀತಿದೀನಿ.

ನಮ್ದು ಪೇಮೆಂಟ್ ಸಿಸ್ಟಮ್ ಸಪೋರ್ಟು. ರಾತ್ರಿ ಪಾಳಿ ಅಂದ್ರೆ ಫೋನ್ ದಿಂಬಿನ ಪಕ್ಕದಲ್ಲೇ, ಸಿಸ್ಟಮಲ್ಲಿ ಏನೋ ಕೆಟ್ಟಿದೆ ಅನ್ನಿಸಿದ್ರೆ ಅದಕ್ಕೆ ತಾನಾಗೇ ಅಲಾರಂ ಬರುತ್ತೆ. ಎರಡು ತಿಂಗಳಲ್ಲಿ ಮೂರು ಜನ ಪೇಪರ್ ಹಾಕಿದ ಮೇಲೆ ಎಚ್‌ಆರ್‌ಗೆ ಎಚ್ಚರ ಆಗಿ ಈ ಏರ್ಪಾಡು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂಗೆ.

ಮೊದಲ ದಿನದ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಬಲೂನ್ ಊದಿದ್ವಿ, ಕಣ್ಣಿಗೆ ಬಟ್ಟೆ ಕಟ್ಕೊಂಡು ಹಗ್ಗ ಹಿಡ್ಕೊಂಡು ನಡೆದ್ವಿ, ಒಂದ್ ಮೂಗಲ್ಲಿ ಉಸಿರು ತಗೊಂಡು ಇನ್ನೊಂದ್ರಲ್ಲಿ ಬಿಟ್ವಿ (ಇದನ್ನ ನಮ್ಮಜ್ಜಿ ಬಿಟ್ಟಿಯಾಗೇ ಹೇಳ್ಕೊಟ್ಟಿದ್ರು). 25 ನಿಮಿಷ ಕೆಲಸ, 5 ನಿಮಿಷ ರೆಸ್ಟ್ ಅನ್ನೋ ಪೊಮೊಡೊರೊ ಕಲಿಸಿದ್ರು, ಕೂತು ಬರೆಯೋರಿಗೆ ಓದೋರಿಗೆ ಅದು ಒಳ್ಳೇದೇ, ಆದ್ರೆ ಅಲಾರಂ ಬಂದ್ರೆ ಎದ್ದು ಓಡೋ ಟೀಮಿಗೆ ಅದ್ಯಾವ 25 ನಿಮಿಷ ಸಾರ್. ಆಮೇಲೆ ಗಾಳಿಗೆ ಬಾಗೋ ಬಿದಿರಿನ ಸ್ಲೈಡು ಬಂತು, ನಾವೂ ಹಿಂಗೇ ಬಾಗಬೇಕು ಮುರೀಬಾರ್ದು ಅಂತ. ನಮ್ ಶಿವಮೊಗ್ಗದ ಹುಡುಗ ಕೈ ಎತ್ತಿ "ಮೇಡಂ, ಬಿದಿರಿಗೆ ರಾತ್ರಿ ಎರಡು ಗಂಟೆಗೆ ಯಾರೂ ಫೋನ್ ಮಾಡಲ್ಲ" ಅಂದ. ಇಡೀ ದಿನದಲ್ಲಿ ಎಲ್ರೂ ಮನಸಾರೆ ನಕ್ಕಿದ್ದು ಅವಾಗ ಒಂದ್ಸಲ.

ತಮಾಷೆ ಏನಂದ್ರೆ ಅವರದ್ದೇ ಇನ್ನೊಂದು ಸ್ಲೈಡಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ (ಕೆಲಸದ ಒತ್ತಡಕ್ಕೆ ಪೂರ್ತಿ ಬಸವಳಿದು ಹೋಗೋದು) ಬಗ್ಗೆ ಹೇಳಿದ್ದಿತ್ತು: ಅದು ಕಾಯಿಲೆ ಅಲ್ಲ, ಕೆಲಸದ ಜಾಗದಲ್ಲಿ ಬಹಳ ಕಾಲ ಸರಿಮಾಡದೆ ಬಿಟ್ಟ ಒತ್ತಡದಿಂದ ಆಗೋದು ಅಂತ. ಕೆಲಸದ ಜಾಗದಿಂದ ಅಂತ ಅವರೇ ಓದಿ ಹೇಳಿದ್ರು, ಮುಂದಿನ ಸ್ಲೈಡಲ್ಲಿ ಬೆಳಿಗ್ಗೆ 5 ಗಂಟೆಗೆ ಏಳಿ, ಡೈರಿ ಬರೀರಿ, ನೀರು ಕುಡೀರಿ. ಮೂರು ಗಂಟೆಗೆ ಮಲಗಿದವನು ಐದಕ್ಕೆ ಎದ್ದು ಡೈರೀಲಿ ಏನ್ ಬರೀಬೇಕೋ. ಊಟ ಚೆನ್ನಾಗಿತ್ತು, ಮುದ್ದೆ ನಾಟಿಕೋಳಿ ಸಾರು, ಸುಳ್ಳ್ ಹೇಳಬಾರ್ದು.

ಎರಡನೇ ದಿನ ಬೇರೊಬ್ಬ ಟ್ರೇನರ್ ಬಂದ್ರು, ವಯಸ್ಸಾದವರು, ತಾವೂ ಹತ್ತಾರು ವರ್ಷ ನೈಟ್ ಶಿಫ್ಟ್ ಮಾಡಿದೋರಂತೆ. ಬಂದವರೇ ಮ್ಯಾನೇಜರನ್ನೂ ಲೀಡ್ ಆದ ನನ್ನನ್ನೂ ಆಚೆ ಕಳಿಸಿದ್ರು. ಒಂದೂವರೆ ಗಂಟೆ ನಾವಿಬ್ರೂ ಮರದ ಕೆಳಗೆ ಕಾಫಿ ಕುಡ್ಕೊಂಡು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತ್ವಿ. ವಾಪಸ್ ಬಂದ್ರೆ ಗೋಡೆ ಮೇಲೆ ಹೆಸರಿಲ್ಲದ 12 ಚೀಟಿ, ನಮ್ಮಿಬ್ರ ಮುಂದೆ ಹೇಳೋಕಾಗದ್ದನ್ನ ಟೀಮಿನವರು ಬರೆದಿದ್ದು. ಏಳರಲ್ಲಿ ಹೆಚ್ಚುಕಮ್ಮಿ ಒಂದೇ ಮಾತು: ಈ ಅಲಾರಂ ದಂಡ ಅಂತ ಗೊತ್ತು, ತೆಗೆಯೋಣ ಅಂದ್ರೆ ಸೋಮಾರಿ ಅನ್ಕೊಳ್ತಾರೆ. ಒಬ್ರು, ತಪ್ಪು ಸೆಟ್ಟಿಂಗ್ ಹಾಕಿ ರಾತ್ರೋರಾತ್ರಿ ತಾವೇ ಸರಿ ಮಾಡಿ ಯಾರಿಗೂ ಹೇಳಿಲ್ಲ ಅಂತ ಬರೆದಿದ್ರು. ನಂಗೆ ನಿಜವಾಗ್ಲೂ ನಾಚಿಕೆ ಆಯ್ತು, ನನ್ ಹತ್ರ ಎಲ್ರೂ ಎಲ್ಲಾ ಹೇಳ್ತಾರೆ ಅನ್ಕೊಂಡಿದ್ದೆ.

ಅವಾಗ ಆ ಟ್ರೇನರ್ ಹಾರ್ವರ್ಡಿನ ಪ್ರೊಫೆಸರ್ ಏಮಿ ಎಡ್ಮಂಡ್ಸನ್ ಅವರ ಕೆಲಸದ ಬಗ್ಗೆ ಹೇಳಿದ್ರು. ಆಸ್ಪತ್ರೆ ಟೀಮುಗಳಲ್ಲಿ ಔಷಧಿ ಕೊಡುವಾಗ ಆಗೋ ತಪ್ಪು ಲೆಕ್ಕ ಹಾಕಿದ್ರೆ ಒಳ್ಳೆ ಟೀಮುಗಳಲ್ಲೇ ಜಾಸ್ತಿ ಕಾಣ್ತಂತೆ. ಇದೇನಪ್ಪ ಉಲ್ಟಾ ಅಂತ ಕೆದಕಿ ನೋಡಿದ್ರೆ, ಅಲ್ಲಿ ಜನ ತಪ್ಪನ್ನ ಮುಚ್ಚಿಡದೆ ಹೇಳ್ಕೊಳ್ತಿದ್ರು, ಬೇರೆ ಕಡೆ ಹೆದರಿ ಬಾಯಿ ಮುಚ್ಕೊಂಡಿದ್ರು. 1999ರಲ್ಲಿ ಎಡ್ಮಂಡ್ಸನ್ ಟೀಮುಗಳ ಸೈಕಲಾಜಿಕಲ್ ಸೇಫ್ಟಿ (ತಪ್ಪು ಒಪ್ಕೊಂಡ್ರೂ ಬಾಯಿ ಬಿಟ್ಟು ಮಾತಾಡಿದ್ರೂ ಏನೂ ಆಗಲ್ಲ ಅನ್ನೋ ಧೈರ್ಯ) ಬಗ್ಗೆ ಪೇಪರ್ ಬರೆದ್ರು, ಗೂಗಲ್ ನೂರೆಂಬತ್ತು ಟೀಮುಗಳನ್ನ ನೋಡಿದಾಗ್ಲೂ ಕೊನೆಗೆ ಎಲ್ಲಕ್ಕಿಂತ ಮೇಲೆ ಬಂದಿದ್ದು ಇದೇ. ಟ್ರೇನರ್ ಬರೀ ಕತೆ ಹೇಳಿ ಬಿಡಲಿಲ್ಲ, ಹಿಂದಿನ ತಿಂಗಳ ಅಲಾರಂ ಲಾಗ್ (ದಾಖಲೆ) ಓಪನ್ ಮಾಡಿ ಅಂದ್ರು, ಪರದೆ ಮೇಲೆ ಒಂದೊಂದಾಗಿ ಎಣಿಸಿದ್ವಿ. ರಾತ್ರಿ ಹೊಡ್ಕೊಂಡಿದ್ದು 212, ಎದ್ದು ಏನಾದ್ರೂ ಮಾಡ್ಬೇಕಾಗಿದ್ದು 31. ಮಿಕ್ಕಿದ್ದಕ್ಕೆಲ್ಲಾ ಸುಮ್ಸುಮ್ನೆ ನಿದ್ದೆ ಕೆಟ್ಟಿದ್ದು. ಮ್ಯಾನೇಜರ್ ಮಾತಾಡ್ಲಿಲ್ಲ, ಅಲ್ಲೇ ಕೂತು 40 ಅಲಾರಂ ರೂಲ್ ಆಫ್ ಮಾಡೋಕೆ ಪಟ್ಟಿ ಮಾಡಿದ್ರು. ಈಗ ವಾರಕ್ಕೆ ಹನ್ನೆರಡು ಹದಿಮೂರು ಬರುತ್ತೆ, ರಾತ್ರಿ ಎದ್ದವರು ಮಾರನೇ ದಿನ 12 ಗಂಟೆಗೆ ಬಂದ್ರೆ ಸಾಕು ಅಂತ ರೂಲ್ ಮಾಡ್ಕೊಂಡಿದೀವಿ, ಟಿಕೆಟ್ (ಬಂದ ದೂರು) ಪೆಂಡಿಂಗೂ ಕಮ್ಮಿ ಆಗಿದೆ.

ಇನ್ನು ಕಂಪ್ಲೇಂಟು. ಮೊದಲ ದಿನ ತುಂಬಿಸಿದ ಸ್ಟ್ರೆಸ್ ಫಾರಂ, ಹೆಸರು ಸಮೇತ, ಸೋಮವಾರ ನೇರ ಎಚ್‌ಆರ್ ಮೇಲಿಗೆ ಹೋಗಿತ್ತು. ಇದು ಸಣ್ಣ ವಿಷ್ಯ ಅಲ್ಲ, ಗುಟ್ಟಾಗಿ ಇರುತ್ತೆ ಅಂತ ಮೈಕಲ್ಲಿ ಹೇಳಿ ಹಿಂಗೆ ಮಾಡಿದ್ರೆ ಇನ್ಯಾರು ನಿಜ ಬರೀತಾರೆ, ಬುಕ್ ಮಾಡೋ ಮುಂಚೆ ಫಾರಂ ಯಾರ ಕೈಗೆ ಹೋಗುತ್ತೆ ಅಂತ ಬರವಣಿಗೇಲಿ ತಗೊಳ್ಳಿ. ಚೀಟಿ ಓದುವಾಗ ಒಬ್ಳು ಹುಡುಗಿ ಅತ್ತುಬಿಟ್ಲು, ಆ ಸರ್ ನಿಧಾನವಾಗಿ ಸಮಾಧಾನ ಮಾಡಿದ್ರು ನಿಜ, ಆದ್ರೆ ಇಷ್ಟು ದುಡ್ಡು ತಗೊಂಡೋರು ಒಬ್ಬ ಕೌನ್ಸೆಲರ್‌ನ ಇಟ್ಕೋಬೇಡ್ವಾ. ಮನಸ್ಸಿನ ಕಷ್ಟ ಹೇಳ್ಕೊಳ್ಳೋ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೂಡ ಕೊಡಲಿಲ್ಲ, ನಾನೇ ಗ್ರೂಪಿಗೆ ಹಾಕ್ದೆ. 2022ರ ಅಕ್ಟೋಬರಿಂದ ಇದೆ, ಸರ್ಕಾರದ್ದು, ದಿನಪೂರ್ತಿ, ಫ್ರೀ, ಕನ್ನಡದಲ್ಲೇ ಮಾತಾಡಬಹುದು. 30 ದಿನಕ್ಕೆ ಫಾಲೋಅಪ್ ಕಾಲ್ ಅಂದಿದ್ರು, ಬಂದಿದ್ದು ಲೆವೆಲ್ 2ರ ಕೊಟೇಶನ್ನು.

ನಾನೇ ಫೋನ್ ಮಾಡಿ ಕೇಳ್ದೆ, ರೆಸಾರ್ಟ್ ಬೇಡ, ಎರಡನೇ ದಿನದ ಸರ್ ಒಬ್ರನ್ನೇ ಅರ್ಧ ದಿನ ನಮ್ ಆಫೀಸಿಗೆ ಕಳಿಸ್ತೀರಾ, ಪಕ್ಕದ ಟೀಮಿಗೂ ಬೇಕಾಗಿದೆ ಅಂತ. ಬಿಡಿಬಿಡಿಯಾಗಿ ಕೊಡಲ್ವಂತೆ, ಬಲೂನು ಸೇರಿಸ್ಕೊಂಡೇ ತಗೋಬೇಕಂತೆ.