ಗಾಜೋ, ಎಫ್‌ಇಪಿ ಲೈನರೋ: ಎಲೆಕ್ಟ್ರೊಲೈಟಿನ ಎನ್‌ಎಂಆರ್‌ಗೆ ಯಾವ ಟ್ಯೂಬು?

ಬ್ಯಾಟರಿ ಎಲೆಕ್ಟ್ರೊಲೈಟಿನ (ಬ್ಯಾಟರಿಯೊಳಗೆ ಅಯಾನುಗಳನ್ನು ಸಾಗಿಸುವ ದ್ರವ) ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಪರಮಾಣುಗಳ ಸಂಕೇತದಿಂದ ಒಳಗೆ ಏನೇನಿದೆ ಎಂದು ತಿಳಿಯುವ ವಿಧಾನ) ತೆಗೆಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಹೊಂದಿದರೆ ಎಫ್‌ಇಪಿ (ಫ್ಲೋರಿನ್ ಇರುವ ಒಂದು ಪ್ಲಾಸ್ಟಿಕ್) ಲೈನರ್ ತಗೊಳ್ಳಿ. ಮಂಗಳೂರಿನ ನಮ್ಮ ಲ್ಯಾಬಿನಲ್ಲಿ ಮಾಮೂಲಿ 5 ಮಿ.ಮೀ. ಗಾಜಿನ ಟ್ಯೂಬು, ವಾಲ್ವ್ ಇರುವ ಗಾಜಿನ ಟ್ಯೂಬು, ಗಾಜಿನೊಳಗೆ ಇಳಿಸುವ ಈ ಪ್ಲಾಸ್ಟಿಕ್ ಲೈನರ್, ಮೂರನ್ನೂ ಬಳಸಿ ಆಯಿತು.

ನಮ್ಮದು ಕಾರ್ಬೊನೇಟ್ ದ್ರಾವಕಗಳಲ್ಲಿ ಕರಗಿಸಿದ ಲಿಥಿಯಂ ಹೆಕ್ಸಾಫ್ಲೋರೊಫಾಸ್ಫೇಟ್ ಎಂಬ ಉಪ್ಪು. ಟ್ಯೂಬಿನಲ್ಲೇ 60 ಡಿಗ್ರಿಯಲ್ಲಿಟ್ಟು, ಅದು ಹೇಗೆ ಕೆಡುತ್ತದೆಂದು ಫ್ಲೋರಿನ್-19ರ (ಫ್ಲೋರಿನ್ ಪರಮಾಣುಗಳ) ಎನ್‌ಎಂಆರ್‌ನಲ್ಲಿ ನೋಡುತ್ತೇವೆ. ಕೆಡದ ಉಪ್ಪಿಗೆ ಮೈನಸ್ 74 ಪಿಪಿಎಂ (ಸ್ಪೆಕ್ಟ್ರಮ್ಮಿನಲ್ಲಿ ಪೀಕ್ ಇರುವ ಜಾಗದ ಅಳತೆ) ಹತ್ತಿರ ಜೋಡಿ ಪೀಕ್, ನಡುವಿನ ಅಂತರ ಸುಮಾರು 710 ಹರ್ಟ್ಸ್. ಮೈನಸ್ 84ರ ಆಸುಪಾಸಿನಲ್ಲಿ ಇನ್ನೊಂದು ಜೋಡಿ ಎದ್ದಿತೋ, ಡೈಫ್ಲೋರೊಫಾಸ್ಫೇಟ್ ಹುಟ್ಟಿದೆ, ಎಲ್ಲೋ ನೀರು ಸೇರಿದೆ.

ಮಳೆಗಾಲದಲ್ಲಿ ಆ ಪೀಕ್ ಕಂಡರೆ ಇಲ್ಲಿ ಎಲ್ಲರೂ ಬೈಯುವುದು ಕಡಲ ಗಾಳಿಯನ್ನೇ. ವಾಲ್ವ್ ಟ್ಯೂಬು ತರಿಸಿದ್ದೂ ಅದಕ್ಕೇ. ಆರ್ಗಾನ್ ಗ್ಲೋವ್‌ಬಾಕ್ಸಿನೊಳಗೆ (ಹೊರಗಿನ ಗಾಳಿ ಸೇರದಂತೆ ಮುಚ್ಚಿದ ಪೆಟ್ಟಿಗೆ) ತುಂಬಿ ಬಿಗಿದರೂ ಪೀಕ್ ಬೆಳೆಯುತ್ತಲೇ ಹೋಯಿತು. ಗಾಳಿ ಬಂದ್ ಆಯಿತು ಸರಿ, ಗಾಜು ಒಳಗೇ ಇದೆಯಲ್ಲ! ಎಳ್ಳಷ್ಟು ತೇವ ಸಿಕ್ಕರೂ ಉಪ್ಪು ಒಡೆದು ಹೈಡ್ರೋಜನ್ ಫ್ಲೋರೈಡ್ ಬರುತ್ತದೆ. ಅದು ಗಾಜಿನ ಸಿಲಿಕಾವನ್ನು ತಿಂದು ಸಿಲಿಕಾನ್ ಟೆಟ್ರಾಫ್ಲೋರೈಡನ್ನೂ ಹೊಸ ನೀರನ್ನೂ ಕೊಡುತ್ತದೆ. ಆ ನೀರು ಮತ್ತೆ ಉಪ್ಪನ್ನು ಒಡೆಯುತ್ತದೆ. ಚಕ್ರಬಡ್ಡಿಯ ಲೆಕ್ಕ. ಕೊನೆಗೆ ಸ್ಪೆಕ್ಟ್ರಮ್ಮಿನಲ್ಲಿ ಎಲೆಕ್ಟ್ರೊಲೈಟ್ ತಾನಾಗಿ ಕೆಟ್ಟದ್ದೆಷ್ಟು, ಗಾಜು ಕೆಡಿಸಿದ್ದೆಷ್ಟು ಎಂದು ಬಿಡಿಸಲು ಬರುವುದಿಲ್ಲ. ಅದೂ ದುಬಾರಿ ಟ್ಯೂಬಿನಲ್ಲಿ!

ಲೈನರಿನಲ್ಲಿ ದ್ರವ ಗಾಜನ್ನು ಮುಟ್ಟುವುದೇ ಇಲ್ಲ. ಇನ್ನೊಂದು ಲಾಭ: ಲೈನರಿಗೂ ಗಾಜಿಗೂ ನಡುವಿನ ಸಂದಿಯಲ್ಲಿ ಡ್ಯುಟೀರಿಯಂ ದ್ರಾವಕ ಹಾಕಿದರೆ ಲಾಕ್ (ಕಾಂತಕ್ಷೇತ್ರ ಜಾರದಂತೆ ಮೆಷಿನ್ ಹಿಡಿದುಕೊಳ್ಳುವ ಗುರುತು) ಸಿಗುತ್ತದೆ, ಸ್ಯಾಂಪಲ್ಲಿಗೆ ಏನೂ ಬೆರೆಸಬೇಕಿಲ್ಲ. ಕಿರಿಕಿರಿ ಇಲ್ಲವೆಂದಲ್ಲ. ಎಫ್‌ಇಪಿಯಲ್ಲೇ ಫ್ಲೋರಿನ್ ಇರುವುದರಿಂದ ಮೈನಸ್ 120ರ ಸುತ್ತ ಅಗಲವಾದ ಗುಡ್ಡೆ ಏಳುತ್ತದೆ. ನಮ್ಮ ಪೀಕ್‌ಗಳು ಅದರಿಂದ ದೂರ, ಹಾಗಾಗಿ ತೊಂದರೆಯಿಲ್ಲ. ತಳದಲ್ಲಿ ಗುಳ್ಳೆ ಕೂತರೆ ಮಾತ್ರ ಶಿಮ್ಮಿಂಗ್ (ಕಾಂತಕ್ಷೇತ್ರವನ್ನು ಒಂದೇ ಸಮ ಮಾಡುವುದು) ಹಾಳು, ತಟ್ಟಿ ತಟ್ಟಿ ಏಳಿಸಬೇಕು. ಸ್ಯಾಂಪಲ್ ಹಿಡಿಯುವುದೂ ಕಡಿಮೆ.

ಬಿಸಿ ಮಾಡದೆ, ತುಂಬಿದ ದಿನವೇ ಪ್ರೋಟಾನ್ ಅಥವಾ ಲಿಥಿಯಂ-7 ನೋಡಿ ಮುಗಿಸುವವರಿಗೆ ವ್ಯಾಕ್ಯೂಮ್ ಓವನ್ನಿನಲ್ಲಿ ಒಣಗಿಸಿದ ಅಗ್ಗದ ಗಾಜೇ ಧಾರಾಳ ಸಾಕು. ನಮ್ಮ ಸ್ಯಾಂಪಲ್ಲುಗಳು ವಾರಗಟ್ಟಲೆ ಬಿಸಿಯಲ್ಲಿ ಕೂರುತ್ತವೆ, ಮೆಷಿನ್ ಸರದಿಗೂ ಕಾಯುತ್ತವೆ. ಗ್ರಾಂಟಿನ ಹಣವನ್ನು ಇನ್ನು ಲೈನರಿಗೇ ಹಾಕುವುದು. ವಾಲ್ವ್ ಟ್ಯೂಬನ್ನು ಪಕ್ಕದ ಆರ್ಗ್ಯಾನೊಮೆಟಾಲಿಕ್ (ಲೋಹ-ಇಂಗಾಲ ಬಂಧದ, ಹೆಚ್ಚಾಗಿ ಗಾಳಿಗೆ ಕೆಡುವ ಸಂಯುಕ್ತಗಳ) ಗುಂಪಿನವರು ಕೊಂಡುಹೋದರು, ಅವರಿಗೆ ಭಾರೀ ಖುಷಿ.